ಚಿಗವ್ವನ ಎಡಗಾಲಿನ ಹೆಬ್ಬೆರಳು: ಗಂಟು ಏಕೆ ಬರುತ್ತದೆ, ಶಸ್ತ್ರಚಿಕಿತ್ಸೆ ಏನು ಮಾಡುತ್ತದೆ

ಮದುವೆ ಮನೆಯ ಬಾಗಿಲಲ್ಲಿ ನೂರು ಜೋಡಿ ಚಪ್ಪಲಿ ಬಿದ್ದಿದ್ದರೂ ನಮ್ಮ ಚಿಗವ್ವನದು ಯಾವುದೆಂದು ಕತ್ತಲಲ್ಲೇ ಹುಡುಕಬಹುದಿತ್ತು. ಎಡಗಾಲಿನದರ ಒಳಬದಿಯಲ್ಲಿ, ಹೆಬ್ಬೆರಳಿನ ಬುಡ ಬರುವ ಜಾಗಕ್ಕೆ ಸರಿಯಾಗಿ, ಪಟ್ಟಿ ಹೊರಗೆ ಉಬ್ಬಿ ಹೊಲಿಗೆ ಬಿಟ್ಟಿರುತ್ತಿತ್ತು. ಅದರ ಮೇಲೊಂದು ತೇಪೆ, ತೇಪೆಯ ಮೇಲೆ ಇನ್ನೊಂದು. ಗದಗ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ರಿಪೇರಿ ಮಾಡುವ ಅಜ್ಜ ನಾಲ್ಕನೆಯ ತೇಪೆಗೆ ದುಡ್ಡು ತೆಗೆದುಕೊಳ್ಳಲಿಲ್ಲ. “ಚಪ್ಪಲಿಯಲ್ಲಿ ದೋಷವಿಲ್ಲ ತಂಗಿ, ಕಾಲನ್ನು ಯಾರಿಗಾದರೂ ತೋರಿಸು” ಎಂದು ಹೇಳಿ ಕಳಿಸಿದರು. ರೋಗ ಎಲ್ಲಿದೆ ಎಂದು ಮೊದಲು ಗುರುತಿಸಿದವರು ಅವರೇ.

ಅದಾದ ಮೇಲೂ ಎರಡು ವರ್ಷ ಹಾಗೆಯೇ ಹೋದವು. ಓಣಿಯ ಹೆಂಗಸರು “ಎಲುಬು ಬೆಳೆದಿದೆ” ಎಂದರು. ಎಕ್ಕದ ಎಲೆಗೆ ಎಣ್ಣೆ ಸವರಿ, ಬಿಸಿ ಮಾಡಿ ಕಟ್ಟಿದ್ದಾಯಿತು. ಉಪ್ಪು ನೀರಿನ ಬುಟ್ಟಿಯಲ್ಲಿ ಕಾಲಿಟ್ಟು ಕುಳಿತದ್ದೂ ಆಯಿತು. ನೋವು ಒಂದು ದಿನ ತಗ್ಗುತ್ತಿತ್ತು, ಮರುದಿನ ಸಂತೆಗೆ ಹೋಗಿ ಬಂದರೆ ಮತ್ತೆ ಹಾಜರು. ಕೊನೆಗೆ ಹುಬ್ಬಳ್ಳಿಯ ಎಲುಬು-ಕೀಲು ತಜ್ಞರೊಬ್ಬರ ಬಳಿ ಕರೆದುಕೊಂಡು ಹೋದೆ. ಅವರು ಕಾಲು ನೋಡಿದವರೇ “ಇದು ಬನಿಯನ್” ಎಂದರು. ಪಕ್ಕದಲ್ಲಿ ಕುಳಿತಿದ್ದ ಕಾಕಾ ಮೆಲ್ಲಗೆ ತಮ್ಮ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು.

ತಪ್ಪು ಕಾಕಾ ಅವರದಲ್ಲ. ಇಂಗ್ಲಿಷಿನಲ್ಲಿ ಈ ಗಂಟಿಗಿರುವ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದರೆ ಅದು ಒಳಅಂಗಿಯೇ ಆಗುತ್ತದೆ. ವೈದ್ಯರ ಪುಸ್ತಕದಲ್ಲಿರುವ ಹೆಸರು ಹ್ಯಾಲಕ್ಸ್ ವ್ಯಾಲ್ಗಸ್. ಹೆಬ್ಬೆರಳು ಹೊರಕ್ಕೆ ತಿರುಗಿದೆ ಎಂಬುದಷ್ಟೇ ಆ ಲ್ಯಾಟಿನ್ ಪದಗಳ ಅರ್ಥ. ಅದರಲ್ಲಿ ಗಂಟಿನ ಮಾತೇ ಇಲ್ಲ. ಗಂಟನ್ನು ಬಿಟ್ಟು ತಿರುಗುವಿಕೆಯನ್ನು ಹಿಡಿದ ಆ ಹೆಸರೇ ಹೆಚ್ಚು ಸರಿಯಾದದ್ದು ಎಂದು ನನಗೆ ಈಗ ಅನಿಸುತ್ತದೆ. ಆದರೂ ನಮ್ಮವರು ಹೇಳುವಂತೆ ಹೆಬ್ಬೆರಳ ಗಂಟು ಎಂದೇ ಇಲ್ಲಿ ಕರೆಯುತ್ತೇನೆ. ಇದು ಆಣಿಯಲ್ಲ ಎಂಬುದನ್ನೂ ಹೇಳಿಬಿಡಬೇಕು. ಆಣಿ ಚರ್ಮದ ತೊಂದರೆ. ಇದು ಎಲುಬುಗಳು ನಿಂತಿರುವ ಬಗೆಯ ತೊಂದರೆ.

ನಿಮ್ಮ ಮೊಣಕೈಯನ್ನು ಮಡಚಿ ನೋಡಿ. ತುದಿಯಲ್ಲಿ ಚೂಪಾಗಿ ಎಲುಬು ಎದ್ದು ಕಾಣುತ್ತದೆ. ಅಲ್ಲಿ ಹೊಸದಾಗಿ ಏನೂ ಬೆಳೆದಿಲ್ಲ, ಎಲುಬುಗಳು ಕೋನವಾಗಿ ನಿಂತದ್ದರಿಂದ ಮೂಲೆ ಹೊರಬಿದ್ದಿದೆ, ಅಷ್ಟೆ. ಹೆಬ್ಬೆರಳ ಗಂಟೂ ಬಹುಮಟ್ಟಿಗೆ ಇದೇ. ಒಂದು ಪಾದದಲ್ಲಿ ಒಟ್ಟು 26 ಎಲುಬುಗಳಿವೆ. ಮುಂಭಾಗದಲ್ಲಿ ಬೆರಳಿಗೊಂದರಂತೆ ಐದು ಉದ್ದನೆಯ ಎಲುಬುಗಳು. ಇವಕ್ಕೆ ಮೆಟಟಾರ್ಸಲ್ ಎನ್ನುತ್ತಾರೆ. ಹೆಬ್ಬೆರಳಿನ ಹಿಂದಿರುವ ಮೊದಲನೆಯದು ಎಲ್ಲಕ್ಕಿಂತ ದಪ್ಪ ಮತ್ತು ಗಿಡ್ಡ. ಈ ತೊಂದರೆಯಲ್ಲಿ ಅದು ಒಳಬದಿಗೆ, ಎಂದರೆ ಇನ್ನೊಂದು ಪಾದದ ಕಡೆಗೆ ವಾಲುತ್ತದೆ. ಅದರ ಮುಂದಿರುವ ಹೆಬ್ಬೆರಳು ಎದುರು ದಿಕ್ಕಿಗೆ, ಕಿರುಬೆರಳಿನ ಕಡೆಗೆ ವಾಲುತ್ತದೆ. ಎರಡೂ ಕೂಡುವ ಕೀಲು ಮೂಲೆಯಾಗಿ ಹೊರಬೀಳುತ್ತದೆ. ಚಪ್ಪಲಿಯ ಅಂಚು ಉಜ್ಜಿ ಉಜ್ಜಿ ಅಲ್ಲಿನ ಚರ್ಮ ದಪ್ಪವಾಗುತ್ತದೆ, ಚರ್ಮಕ್ಕೂ ಎಲುಬಿಗೂ ನಡುವೆ ಇರುವ ದ್ರವದ ಸಣ್ಣ ಚೀಲ ಕೆರಳಿ ಊದಿಕೊಳ್ಳುತ್ತದೆ. ನಾವು ಕಣ್ಣಿನಿಂದ ನೋಡಿ “ಬೆಳೆದಿದೆ” ಎನ್ನುವುದು ಈ ಊತವನ್ನು ಮತ್ತು ಆ ಮೂಲೆಯನ್ನು.

ಒಮ್ಮೆ ವಾಲತೊಡಗಿದ ಬೆರಳು ಏಕೆ ಅಲ್ಲಿಗೇ ನಿಲ್ಲುವುದಿಲ್ಲ ಎಂಬುದು ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸೋಜಿಗದ ಭಾಗ. ಮೊದಲ ಮೆಟಟಾರ್ಸಲ್‌ನ ತಲೆಗೆ, ಎಂದರೆ ಬೆರಳು ಸೇರುವ ಗುಂಡನೆಯ ತುದಿಗೆ, ಯಾವ ಸ್ನಾಯುವೂ ನೇರವಾಗಿ ಅಂಟಿಕೊಂಡಿಲ್ಲ. ಸುತ್ತಲಿನ ಹುರಿಗಳು ಅದನ್ನು ಜೋಲಿಯಲ್ಲಿಟ್ಟಂತೆ ಹಿಡಿದಿವೆ. ತಲೆಯ ಅಡಿಯಲ್ಲಿ ಅವರೆಕಾಳಿನಷ್ಟು ದೊಡ್ಡ ಎರಡು ಬಿಡಿ ಎಲುಬುಗಳಿವೆ. ಹೆಸರು ಮಾತ್ರ ಎಳ್ಳಿನಿಂದ ಬಂದದ್ದು, ಸೆಸಮಾಯ್ಡ್. ಮೆಟಟಾರ್ಸಲ್‌ನ ತಲೆ ಈ ಎರಡರ ಮೇಲೆ ಹಳಿಯ ಮೇಲೆ ಗಾಡಿ ನಿಂತಂತೆ ನಿಂತಿರುತ್ತದೆ. ಅದರ ಅಡಿಯಲ್ಲಿರುವ ಒಂದು ಏಣು ಎರಡು ಕಾಳುಗಳ ನಡುವೆ ಕುಳಿತು, ಅತ್ತಿತ್ತ ಸರಿಯದಂತೆ ತಡೆಯುತ್ತದೆ. ಒಳಬದಿಯ ಹುರಿಗಳು ಸಡಿಲವಾದರೆ ತಲೆ ಈ ಹಳಿಯಿಂದ ಜಾರುತ್ತದೆ.

ಎಕ್ಸ್‌ರೇಯಲ್ಲಿ ನೋಡಿದರೆ ಆ ಎರಡು ಕಾಳುಗಳೇ ಪಕ್ಕಕ್ಕೆ ಓಡಿದಂತೆ ಕಾಣುತ್ತವೆ. ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ ಕಿಟಕಿ ಪಕ್ಕ ಕುಳಿತವರಿಗೆ ಇದು ಪರಿಚಿತ ಮೋಸ: ಪಕ್ಕದ ಗಾಡಿ ಹೊರಟರೆ ನಮ್ಮದೇ ಹೊರಟಿತು ಅನಿಸುತ್ತದೆ. ಕಾಳುಗಳು ಎರಡನೆಯ ಮೆಟಟಾರ್ಸಲ್‌ಗೆ ಬಿಗಿಯಾಗಿ ಕಟ್ಟಿಕೊಂಡು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ. ಸರಿದು ಹೋಗಿರುವುದು ಅವುಗಳ ಮೇಲೆ ನಿಂತಿದ್ದ ತಲೆ.

ಇಷ್ಟಾದ ಮೇಲೆ ಹೆಬ್ಬೆರಳನ್ನು ಎತ್ತುವ ಮತ್ತು ಮಡಚುವ ಹುರಿಗಳೇ ಶತ್ರುವಾಗುತ್ತವೆ. ನೇರವಾಗಿದ್ದಾಗ ಅವು ಬೆರಳಿನ ನಡುಮಧ್ಯದಲ್ಲಿ ಸಾಗುತ್ತಿದ್ದವು. ಬೆರಳು ವಾಲಿದ ಮೇಲೆ ಬಿಲ್ಲಿನ ಹೆದೆಯಂತೆ ಒಂದು ಪಕ್ಕಕ್ಕೆ ಸರಿಯುತ್ತವೆ, ಇಡುವ ಪ್ರತಿ ಹೆಜ್ಜೆಯಲ್ಲೂ ವಾಲಿದ ಕಡೆಗೇ ಎಳೆಯುತ್ತವೆ. ನಡೆದಷ್ಟೂ ವಾಲುತ್ತದೆ. ಜೊತೆಗೆ ಬೆರಳು ತನ್ನ ಅಚ್ಚಿನಲ್ಲೇ ಹೊರಳುತ್ತದೆ. ಚಿಗವ್ವನ ಎಡ ಹೆಬ್ಬೆರಳಿನ ಉಗುರು ಆಕಾಶ ನೋಡುವುದನ್ನು ಬಿಟ್ಟು ಬಲಗಾಲನ್ನು ನೋಡುತ್ತಿತ್ತು. ಹೆಬ್ಬೆರಳು ತನ್ನ ಪಾಲಿನ ಭಾರ ಹೊರದಿದ್ದರೆ ಅದು ಎರಡನೆಯ ಬೆರಳಿನ ಬುಡಕ್ಕೆ ಹೋಗುತ್ತದೆ. ಅಲ್ಲಿ ಅಂಗಾಲಿನಲ್ಲಿ ದಡ್ಡು ಕಟ್ಟುತ್ತದೆ. ಚಿಗವ್ವನಿಗೆ ನಿಜವಾಗಿ ತಡೆಯಲಾಗದೆ ಹೋದದ್ದು ಇದೇ. ಹೆಬ್ಬೆರಳು ಒತ್ತಿ ಒತ್ತಿ ಎರಡನೆಯ ಬೆರಳು ಮಡಚಿಕೊಂಡು ಮೇಲೆದ್ದಿತ್ತು, ಅದರಲ್ಲಿದ್ದ ಕಾಲುಂಗುರ ಚರ್ಮಕ್ಕೆ ಒತ್ತಿ ಗಾಯ ಮಾಡಿತ್ತು.

ಇನ್ನು ಎಕ್ಸ್‌ರೇ. ಇದನ್ನು ನಿಂತುಕೊಂಡೇ, ಪಾದದ ಮೇಲೆ ಭಾರ ಹಾಕಿಯೇ ತೆಗೆಸಬೇಕು. ನಾವು ಊರಲ್ಲಿ ಮಲಗಿಸಿ ತೆಗೆಸಿದ್ದ ಒಂದು ಚಿತ್ರ ತೆಗೆದುಕೊಂಡು ಹೋಗಿದ್ದೆವು. ವೈದ್ಯರು ಅದನ್ನು ಪಕ್ಕಕ್ಕಿಟ್ಟು ಹೊಸದಾಗಿ ಬರೆದುಕೊಟ್ಟರು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಒಂದೇ ಕಾಲು ಎಂದು ನಂಬುವುದು ಕಷ್ಟವಾಯಿತು. ಭಾರ ಬಿದ್ದಾಗ ಎಲುಬುಗಳು ಬಿಚ್ಚಿಕೊಳ್ಳುತ್ತವೆ. ಆಮೇಲೆ ಅವರು ಸ್ಕೇಲು, ಪೆನ್ಸಿಲ್ ಹಿಡಿದು ಎರಡು ಕೋನ ಅಳೆದರು. ಮೊದಲನೆಯದು ಹೆಬ್ಬೆರಳಿಗೂ ಅದರ ಮೆಟಟಾರ್ಸಲ್‌ಗೂ ನಡುವಿನದು. 15 ಡಿಗ್ರಿಯೊಳಗಿದ್ದರೆ ಸಹಜ, 40 ದಾಟಿದರೆ ತೀವ್ರ. ಚಿಗವ್ವನದು 34. ಎರಡನೆಯದು ಮೊದಲ ಮತ್ತು ಎರಡನೆಯ ಮೆಟಟಾರ್ಸಲ್‌ಗಳ ನಡುವಿನದು. ಸಹಜವಾಗಿ 9 ಡಿಗ್ರಿಯೊಳಗೆ ಇರಬೇಕಾದದ್ದು ಆಕೆಯದು 15 ಇತ್ತು. ಯಾವ ಶಸ್ತ್ರಚಿಕಿತ್ಸೆ ಎಂಬುದನ್ನು ಬಹುಪಾಲು ನಿರ್ಧರಿಸುವುದು ಈ ಎರಡು ಅಂಕಿಗಳೇ. ಹೊರಗೆ ಕಾಣುವ ಗಂಟಿನ ಗಾತ್ರಕ್ಕೆ ಅಲ್ಲಿ ಅಷ್ಟು ಬೆಲೆಯಿಲ್ಲ.

“ನಾನು ಎಂದೂ ಬೂಟು ಹಾಕಿದವಳಲ್ಲ, ನನಗೇಕೆ ಬಂತು?” ಎಂದು ಚಿಗವ್ವ ಕೇಳಿದಳು. ನ್ಯಾಯವಾದ ಪ್ರಶ್ನೆ. ಇಕ್ಕಟ್ಟಾದ ಪಾದರಕ್ಷೆಯ ಮೇಲೆ ಆರೋಪ ಹಳೆಯದು, ಸುಳ್ಳೂ ಅಲ್ಲ. 1958ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಬೂಟು ಹಾಕುವ ಮತ್ತು ಬರಿಗಾಲಲ್ಲಿ ಇರುವ ಚೀನೀ ಜನರ ಪಾದಗಳನ್ನು ಹೋಲಿಸಿ ನೋಡಿದ್ದರು: ಬೂಟಿನವರಲ್ಲಿ ಶೇಕಡ 33ರಷ್ಟು ಜನಕ್ಕೆ ಈ ವಾಲುವಿಕೆ ಇತ್ತು, ಬರಿಗಾಲಿನವರಲ್ಲಿ ಶೇಕಡ 2ಕ್ಕಿಂತ ಕಡಿಮೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಅಗೆದು ತೆಗೆದ ಹಳೆಯ ಅಸ್ಥಿಪಂಜರಗಳನ್ನು ಪರೀಕ್ಷಿಸಿದ ವರದಿ 2021ರಲ್ಲಿ ಬಂತು. 11ರಿಂದ 13ನೆಯ ಶತಮಾನದವರಲ್ಲಿ ಶೇಕಡ 6ರಷ್ಟು ಜನರ ಹೆಬ್ಬೆರಳು ವಾಲಿತ್ತು. ಉದ್ದ ಮೂತಿಯ ಚೂಪು ಬೂಟಿನ ಶೋಕಿ ಬಂದ 14ನೆಯ ಶತಮಾನದಿಂದ ಮುಂದಿನವರಲ್ಲಿ ಅದು ಶೇಕಡ 27. ಶೋಕಿಗೆ ದಂಡ ತೆತ್ತದ್ದು ಎಲುಬಿನಲ್ಲಿ ಬರೆದಿಟ್ಟುಕೊಂಡಿದೆ.

ಆದರೆ ಬೂಟೊಂದೇ ಕಾರಣವಾಗಿದ್ದರೆ ಒಂದೇ ಅಂಗಡಿಯ ಬೂಟು ಹಾಕುವ ಅಕ್ಕತಂಗಿಯರಲ್ಲಿ ಇಬ್ಬರಿಗೂ ಬರಬೇಕಿತ್ತು. ಪಾದದ ಕಟ್ಟು ಮನೆತನದಿಂದ ಬರುತ್ತದೆ: ಸಡಿಲವಾದ ಹುರಿಗಳು, ಚಪ್ಪಟೆ ಪಾದ, ಮೊದಲ ಮೆಟಟಾರ್ಸಲ್‌ನ ಬುಡದ ಕೀಲು ಅಗತ್ಯಕ್ಕಿಂತ ಹೆಚ್ಚು ಅಲುಗಾಡುವುದು, ಇವೆಲ್ಲ ಹುಟ್ಟಿನಿಂದಲೇ ಇರಬಹುದು. ಹುಲಕೋಟಿಯಲ್ಲಿದ್ದ ಚಿಗವ್ವನ ತಾಯಿಗೂ ಇದೇ ಬೆರಳು, ಇದೇ ಬದಿ. ಸಂಧಿವಾತ ಇದ್ದವರಿಗೂ ಬರುತ್ತದೆ. ಹೆಂಗಸರಲ್ಲಿ ಹೆಚ್ಚು, ವಯಸ್ಸಾದಂತೆ ಇನ್ನೂ ಹೆಚ್ಚು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಮಾಡಿದ ಲೆಕ್ಕದಲ್ಲಿ 18ರಿಂದ 65ರ ವಯಸ್ಸಿನವರಲ್ಲಿ ಶೇಕಡ 23 ಮತ್ತು 65 ದಾಟಿದವರಲ್ಲಿ ಶೇಕಡ 35ರಷ್ಟು ಜನಕ್ಕೆ ಇದು ಒಂದಲ್ಲ ಒಂದು ಮಟ್ಟದಲ್ಲಿ ಇತ್ತು.

ನಡುವೆ ಒಂದು ಎಚ್ಚರಿಕೆ. ನಡುರಾತ್ರಿ ಇದ್ದಕ್ಕಿದ್ದಂತೆ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆ ತಾಗಿದರೂ ಪ್ರಾಣ ಹೋಗುವಂತೆ ನೋಯತೊಡಗಿದರೆ ಅದು ಈ ಗಂಟಲ್ಲ, ಯೂರಿಕ್ ಆಮ್ಲದಿಂದ ಬರುವ ಗೌಟ್ ಆಗಿರಬಹುದು. ಅದರ ಔಷಧವೇ ಬೇರೆ. ಬೆರಳು ವಾಲದೆ ಕೀಲು ಮಾತ್ರ ಬಿರುಸಾಗಿ ಮೇಲಕ್ಕೆ ಮಡಚಲಾಗದಿದ್ದರೆ ಅದು ಕೀಲಿನ ಸವೆತ. ಸಕ್ಕರೆ ಕಾಯಿಲೆ ಇರುವವರು ಗಂಟಿನ ಮೇಲೆ ಗಾಯವಾದರೆ ಎಲೆ ಕಟ್ಟುತ್ತ ಕೂರಬಾರದು, ಅದೇ ದಿನ ವೈದ್ಯರ ಬಳಿ ಹೋಗಬೇಕು.

ವೈದ್ಯರು ಮೊದಲ ದಿನವೇ ಕತ್ತಿ ಎತ್ತಲಿಲ್ಲ ಎಂಬುದನ್ನು ಹೇಳಲೇಬೇಕು. ಮೂರು ತಿಂಗಳು ಅಗಲ ಮೂತಿಯ, ಮೆತ್ತನೆಯ ಪಾದರಕ್ಷೆ ಹಾಕಿ ನೋಡಿ ಎಂದರು. ಕೊಳ್ಳುವ ಉಪಾಯವನ್ನೂ ಹೇಳಿಕೊಟ್ಟರು: ಸಂಜೆ, ಪಾದ ಸ್ವಲ್ಪ ಊದಿರುವ ಹೊತ್ತಿನಲ್ಲಿ, ಹಾಳೆಯ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆದು ಕತ್ತರಿಸಿ, ಅಂಗಡಿಗೆ ಒಯ್ದು ಪಾದರಕ್ಷೆಯೊಳಗೆ ಇಡಬೇಕು. ಕಾಗದ ಎಲ್ಲಿಯೂ ಮಡಚಿಕೊಳ್ಳಬಾರದು. ನಾವು ಹಳೆಯ ಕ್ಯಾಲೆಂಡರ್ ಹಾಳೆಯ ಪಾದ ಹಿಡಿದುಕೊಂಡು ದುರ್ಗದಬೈಲಿನಲ್ಲಿ ಅಲೆದೆವು. ಹನ್ನೊಂದು ಜೋಡಿಗಳಲ್ಲಿ ಕಾಗದ ಮಡಚಿತು. ಹೆಣ್ಣುಮಕ್ಕಳಿಗೆಂದು ಇಟ್ಟದ್ದರಲ್ಲಿ ಒಂದೂ ಹೊಂದಲಿಲ್ಲ, ಕೊನೆಗೆ ಗಂಡಸರ ಸ್ಯಾಂಡಲ್ ಒಂದರಲ್ಲಿ ಕಾಗದ ನೆಟ್ಟಗೆ ಮಲಗಿತು. ಅಂಗಡಿಯ ಹುಡುಗ ಮುಸಿಮುಸಿ ನಕ್ಕ, ನಗಲಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ನಮ್ಮ ಧಾರವಾಡ ಜಿಲ್ಲೆಯೂ ಸೇರಿದೆ, ಹಾಗಾಗಿ ಅದರ ಪರ ವಾದಿಸಲು ನನಗೆ ಆಸೆಯಿತ್ತು. ಮುಂದೆ ತೆರೆದಿರುವುದರಿಂದ ಅದು ಬೆರಳುಗಳನ್ನು ಹಿಂಡುವುದಿಲ್ಲ ಎಂಬುದು ನಿಜ. ಆದರೆ ಹೊಸ ಚರ್ಮದ ಬಿರುಸು ಪಟ್ಟಿ ಗಂಟಿನ ಮೇಲೇ ಬಂದು ಕೂರುತ್ತದೆ, ಅಡಿಯಲ್ಲಿ ಮೆತ್ತೆಯೂ ಇಲ್ಲ. ಚಿಗವ್ವನ ತೇಪೆಗಳೇ ಅದಕ್ಕೆ ಸಾಕ್ಷಿ.

ಮೆತ್ತನೆಯ ಪ್ಯಾಡ್, ಬೆರಳುಗಳ ನಡುವೆ ಇಡುವ ಸಿಲಿಕೋನ್ ತುಂಡು, ನೋವಿನ ಮಾತ್ರೆ, ಇವು ನೋವು ತಗ್ಗಿಸುತ್ತವೆ. ಮೊಬೈಲ್ ತೆರೆದರೆ ಸಾಕು, ರಾತ್ರಿ ಕಟ್ಟಿ ಮಲಗಿದರೆ ಬೆರಳು ನೆಟ್ಟಗಾಗುವ ಪಟ್ಟಿಯ ಜಾಹೀರಾತು ಎದುರಾಗುತ್ತದೆ. ಕಟ್ಟಿಕೊಂಡಷ್ಟು ಹೊತ್ತು ಬೆರಳು ನೇರ ಇರುತ್ತದೆ, ಬಿಚ್ಚಿ ನಾಲ್ಕು ಹೆಜ್ಜೆ ಇಟ್ಟರೆ ಹುರಿಗಳು ಮತ್ತೆ ಎಳೆಯುತ್ತವೆ. ವಯಸ್ಕರಲ್ಲಿ ವಾಲಿದ ಎಲುಬನ್ನು ಪಟ್ಟಿ ಮರಳಿ ತರುವುದಿಲ್ಲ. ಹಾಗೆಂದು ಹೇಳಿ ಮಾರಿದರೆ ಅದು ಮೋಸವೇ. ಸ್ವಲ್ಪ ಹಿತ ಸಿಗುತ್ತದೆ ಎಂದು ಕಟ್ಟಿಕೊಳ್ಳುವವರ ಬಗ್ಗೆ ನನ್ನ ತಕರಾರಿಲ್ಲ.

ಮೂರು ತಿಂಗಳಾದರೂ ಚಿಗವ್ವ ಸಂತೆಯಿಂದ ಕುಂಟುತ್ತಲೇ ಬರುತ್ತಿದ್ದಳು. ಆಗ ಶಸ್ತ್ರಚಿಕಿತ್ಸೆಯ ಮಾತು ಬಂತು.

ಕಾಕಾ ಬೆಟಗೇರಿಯಲ್ಲಿ ಬಾಗಿಲು, ಚೌಕಟ್ಟು ಮಾಡುವ ಬಡಿಗರು. ಅವರ ಮೊದಲ ಪ್ರಶ್ನೆ ಎಲ್ಲರ ಮೊದಲ ಪ್ರಶ್ನೆಯೇ: “ಹೊರಬಂದದ್ದನ್ನು ಹೆರೆದು ತೆಗೆದರೆ ಆಗುವುದಿಲ್ಲವೇ?” ವೈದ್ಯರು ಉತ್ತರಿಸುವ ಮೊದಲೇ ಅವರೇ ಎಕ್ಸ್‌ರೇ ನೋಡುತ್ತ ತಲೆಯಾಡಿಸಿದರು. ಚೌಕಟ್ಟು ವಾಲಿದಾಗ ಬಾಗಿಲಿನ ಅಂಚು ಹೆರೆದರೆ ಅವತ್ತಿಗೆ ಮುಚ್ಚಿಕೊಳ್ಳುತ್ತದೆ, ಎರಡು ಮಳೆಗಾಲ ಕಳೆದರೆ ಮತ್ತೆ ಸಿಕ್ಕಿಕೊಳ್ಳುತ್ತದೆ ಎಂಬುದು ಅವರಿಗೆ ಗೊತ್ತು. ಹಿಂದಿನ ಶಸ್ತ್ರವೈದ್ಯರೂ ಇದನ್ನು ಹೀಗೆಯೇ ಕಲಿತರು. ಉಬ್ಬನ್ನಷ್ಟೇ ಹೆರೆದರೆ ವಾಲುವಿಕೆ ಉಳಿದೇ ಇರುತ್ತದೆ, ಗಂಟು ಮರಳಿ ಬರುತ್ತದೆ. ಜಿನೀವಾದ ಶಸ್ತ್ರವೈದ್ಯ ರೆವೆರ್ಡಿನ್ 1881ರಲ್ಲಿ ಎಲುಬನ್ನೇ ಕತ್ತರಿಸಿ ದಿಕ್ಕು ಬದಲಿಸುವ ವಿಧಾನವನ್ನು ವಿವರಿಸಿದರು. ಅಲ್ಲಿಂದ ಇಲ್ಲಿಯವರೆಗೆ ನೂರಕ್ಕೂ ಹೆಚ್ಚು ವಿಧಾನಗಳು ಬಂದಿವೆ. ಒಂದು ರೋಗಕ್ಕೆ ಇಷ್ಟೊಂದು ಶಸ್ತ್ರಚಿಕಿತ್ಸೆ ಇದೆ ಎಂದರೆ ಯಾವುದೊಂದೂ ಎಲ್ಲರಿಗೂ ಒಗ್ಗುವುದಿಲ್ಲ ಎಂದೇ ಅರ್ಥ.

ವಾಲುವಿಕೆ ಕಡಿಮೆಯಿದ್ದರೆ ಮೆಟಟಾರ್ಸಲ್‌ನ ತಲೆಯ ಹತ್ತಿರ ಅಡ್ಡ ಮಲಗಿದ ಇಂಗ್ಲಿಷ್ ವಿ ಅಕ್ಷರದಂತೆ ಕತ್ತರಿಸಿ, ತಲೆಯನ್ನು ಎರಡನೆಯ ಬೆರಳಿನ ಕಡೆಗೆ ಕೆಲವು ಮಿಲಿಮೀಟರ್ ಸರಿಸಿ ಸ್ಕ್ರೂ ಹಾಕುತ್ತಾರೆ. ಹವಾಲ್ದಾರರ ತೋಳಿನ ಪಟ್ಟಿಯ ಆಕಾರವಾದ್ದರಿಂದ ಅದರ ಹೆಸರು ಶೆವ್ರನ್. ಒಂದು ಮಿಲಿಮೀಟರ್ ಸರಿಸಿದರೆ ಎಲುಬುಗಳ ನಡುವಿನ ಕೋನ ಸುಮಾರು ಒಂದು ಡಿಗ್ರಿ ತಗ್ಗುತ್ತದೆ. 15 ಡಿಗ್ರಿಯ ಚಿಗವ್ವನಿಗೆ ಇಷ್ಟು ಸಾಲದು, ಇನ್ನಷ್ಟು ಜಾಗ ಬೇಕು. ಆಕೆಗೆ ಆರಿಸಿದ್ದು ಸ್ಕಾರ್ಫ್ ಎಂಬ ವಿಧಾನ. ಕುತ್ತಿಗೆಗೆ ಸುತ್ತುವ ಬಟ್ಟೆಗೂ ಇದಕ್ಕೂ ಸಂಬಂಧವಿಲ್ಲ. ಮರಗೆಲಸದಲ್ಲಿ ಎರಡು ತೊಲೆಗಳ ತುದಿಗಳನ್ನು ಒಂದರ ಮೇಲೊಂದು ಕೂರುವಂತೆ ಕೊರೆದು ಉದ್ದಕ್ಕೆ ಬೆಸೆಯುವ ಜೋಡಣೆಗೆ ಇಂಗ್ಲಿಷಿನಲ್ಲಿ ಆ ಹೆಸರು. ವೈದ್ಯರು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದರು. ಮೆಟಟಾರ್ಸಲ್‌ನ ಉದ್ದಕ್ಕೂ ಒಂದು ಅಡ್ಡ ಸೀಳು, ಅದರ ಎರಡು ತುದಿಗಳಲ್ಲಿ ಎದುರುಬದುರು ದಿಕ್ಕಿಗೆ ಎರಡು ಗಿಡ್ಡ ಸೀಳು; ಪಕ್ಕದಿಂದ ನೋಡಿದರೆ ಇಂಗ್ಲಿಷಿನ ಜೆಡ್ ಅಕ್ಷರ. ಈಗ ಎಲುಬು ಮೇಲಿನ ತುಂಡು, ಕೆಳಗಿನ ತುಂಡು ಎಂದು ಎರಡಾಯಿತು. ತಲೆ ಕೆಳಗಿನ ತುಂಡಿನ ಜೊತೆ ಇರುತ್ತದೆ. ಅದನ್ನು ಹಾಗೆಯೇ ಪಕ್ಕಕ್ಕೆ, ಹಳಿಯಂತಿದ್ದ ಕಾಳುಗಳ ಮೇಲೆ ಮತ್ತೆ ಕೂರುವಷ್ಟು ಜಾರಿಸಿ, ಎರಡು ಸ್ಕ್ರೂಗಳಿಂದ ಬಿಗಿಯುತ್ತಾರೆ. ಜಾರಿಸಿದ ಮೇಲೆ ಮೇಲಿನ ತುಂಡಿನ ಅಂಚು ಒಳಬದಿಯಲ್ಲಿ ಚಾಚಿ ಉಳಿಯುತ್ತದೆ, ಅದನ್ನು ಮಾತ್ರ ಕತ್ತರಿಸಿ ತೆಗೆಯುತ್ತಾರೆ.

ಕಾಕಾ ಚೀಟಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು. ಸೀಳು ಉದ್ದವಿದ್ದಷ್ಟೂ ಮುಖಕ್ಕೆ ಮುಖ ತಾಗುವ ಜಾಗ ಹೆಚ್ಚು, ಬೆಸುಗೆ ಗಟ್ಟಿ ಎಂದರು. ವೈದ್ಯರು ಹೌದು, ಅದಕ್ಕೇ ಇದು ಬೇಗ ಭಾರ ತಡೆಯುತ್ತದೆ ಎಂದರು. ಅಲ್ಲಿಂದ ಮುಂದೆ ಇಬ್ಬರೂ ಮಾತನಾಡಿದ್ದು ಸ್ಕ್ರೂವಿನ ಉದ್ದದ ಬಗ್ಗೆ. ಕಾಲಿನ ಒಡತಿಯನ್ನು ಯಾರೂ ಕೇಳುತ್ತಿರಲಿಲ್ಲ.

ಇದರ ಜೊತೆಗೆ ಇನ್ನೆರಡು ಚಿಕ್ಕ ಕೆಲಸಗಳಿದ್ದವು. ಹೆಬ್ಬೆರಳನ್ನು ಕಿರುಬೆರಳ ಕಡೆಗೆ ಎಳೆಯುವ ಬಿಗಿಯಾದ ಹುರಿಯನ್ನು ಸಡಿಲಿಸುವುದು ಒಂದು. ಹೆಬ್ಬೆರಳಿನದೇ ಎಲುಬಿನಿಂದ ತೆಳುವಾದ ಬೆಣೆಯಾಕಾರದ ತುಂಡು ತೆಗೆದು ಬೆರಳನ್ನು ನೇರ ಮಾಡುವುದು ಇನ್ನೊಂದು. 1925ರಲ್ಲಿ ಇದನ್ನು ವಿವರಿಸಿದ ಅಮೆರಿಕದ ವೈದ್ಯ ಅಕಿನ್ ಅವರ ಹೆಸರೇ ಇದಕ್ಕೆ ಉಳಿದಿದೆ. ವಾಲುವಿಕೆ ತೀವ್ರವಾಗಿದ್ದರೆ ಅಥವಾ ಮೆಟಟಾರ್ಸಲ್‌ನ ಬುಡದ ಕೀಲೇ ಸಡಿಲವಿದ್ದರೆ ಆ ಬುಡವನ್ನೇ ನೆಟ್ಟಗೆ ಮಾಡಿ ಕೀಲನ್ನು ಶಾಶ್ವತವಾಗಿ ಬೆಸೆಯುತ್ತಾರೆ. ನ್ಯೂಯಾರ್ಕಿನ ಲ್ಯಾಪಿಡಸ್ 1934ರಲ್ಲಿ ಬರೆದ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಹೆಬ್ಬೆರಳ ಬುಡದ ಕೀಲು ಪೂರ್ತಿ ಸವೆದು ಹೋಗಿದ್ದರೆ ಅದನ್ನೇ ಬೆಸೆದುಬಿಡುವುದುಂಟು. ಈಚೆಗೆ ಕೆಲವು ಮಿಲಿಮೀಟರ್ ರಂಧ್ರಗಳ ಮೂಲಕ, ತಿರುಗುವ ಸಣ್ಣ ಕೊರೆಯುವ ಮೊನೆಯಿಂದ ಎಲುಬು ಕತ್ತರಿಸುವ ಪದ್ಧತಿಯೂ ಬಂದಿದೆ. ಗಾಯದ ಗುರುತು ಚಿಕ್ಕದು, ಮೊದಲ ದಿನಗಳ ನೋವೂ ಕಡಿಮೆ. ಆದರೆ ಒಳಗೆ ಎಲುಬು ಕತ್ತರಿಸುವುದು, ಸರಿಸುವುದು, ಸ್ಕ್ರೂ ಹಾಕುವುದು ತಪ್ಪುವುದಿಲ್ಲ. ವೈದ್ಯರ ಕೈ ಅದರಲ್ಲಿ ಪಳಗಿರಬೇಕು.

ಶಸ್ತ್ರಚಿಕಿತ್ಸೆಗೆ ದೀಪಾವಳಿ ಕಳೆದ ಮೇಲಿನ ದಿನ ಗೊತ್ತು ಮಾಡಿದೆವು. ಮುಂಗಾರಿನ ಕೆಸರಿನಲ್ಲಿ ಪಟ್ಟಿ ಕಟ್ಟಿದ ಕಾಲು ಒಣಗಿ ಇರುವುದಿಲ್ಲ ಎಂಬುದಷ್ಟೇ ಕಾರಣ. ಮೊದಲು ಸಕ್ಕರೆ ಪರೀಕ್ಷೆ ಮಾಡಿದರು, ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿದರು. ಪಾದಕ್ಕೆ ರಕ್ತ ಸರಿಯಾಗಿ ಹರಿಯದವರಿಗೆ, ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ಗಾಯ ಮಾಯುವುದೇ ಕಷ್ಟ. ಬೀಡಿ, ಸಿಗರೇಟು ಸೇದುವವರಿಗೆ ಎಲುಬು ಕೂಡುವುದು ತಡ. ಬೆಳೆಯುವ ಮಕ್ಕಳಲ್ಲಿ ಮೊದಲ ಮೆಟಟಾರ್ಸಲ್‌ನ ಬುಡದಲ್ಲಿ ಬೆಳವಣಿಗೆಯ ಪದರ ಇರುತ್ತದೆ, ಹಾಗಾಗಿ ಸಾಮಾನ್ಯವಾಗಿ ಬೆಳವಣಿಗೆ ಮುಗಿಯುವವರೆಗೆ ಕಾಯುತ್ತಾರೆ.

ಅವತ್ತು ಬೆಳಗ್ಗೆ ನರ್ಸ್ ಕಾಲುಂಗುರ ತೆಗೆಯಿರಿ ಎಂದಾಗ ಚಿಗವ್ವ ಮೊದಲ ಬಾರಿ ಅಳುಕಿದಳು. ಮೂವತ್ತೆರಡು ವರ್ಷದಿಂದ ತೆಗೆದಿರಲಿಲ್ಲ. ಬಲಗಾಲಿನದು ಸೋಪು ಹಚ್ಚಿದಾಗ ಬಂತು. ಎಡಗಾಲಿನದು ಬರಲಿಲ್ಲ, ಕತ್ತರಿಸಬೇಕಾಯಿತು. ಎರಡು ತುಂಡಾದ ಬೆಳ್ಳಿಯನ್ನು ಕರವಸ್ತ್ರದಲ್ಲಿ ಕಟ್ಟಿ ಕಾಕಾ ಕೈಗೆ ಕೊಟ್ಟಳು. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರು, ಎಚ್ಚರವಿದ್ದಳು. ಸುಮಾರು ಒಂದು ಗಂಟೆಯ ಮೇಲೆ ಹೊರತಂದಾಗ ಕಾಕಾ ಕಡೆ ತಿರುಗಿ, “ಥೇಟ್ ನಿಮ್ಮ ಅಂಗಡಿಯದೇ ಸದ್ದು” ಎಂದಳು.

ಶಸ್ತ್ರಚಿಕಿತ್ಸೆ ಒಂದು ಗಂಟೆಯದು, ನಂತರದ ಕೆಲಸ ತಿಂಗಳುಗಳದು. ಇದನ್ನು ವೈದ್ಯರು ಹೇಳುತ್ತಾರೆ, ನಾವು ಕೇಳಿಸಿಕೊಳ್ಳುವುದಿಲ್ಲ. ಮೊದಲ ಎರಡು ವಾರ ಹೆಚ್ಚಿನ ಹೊತ್ತು ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆ ಇಟ್ಟು ಮಲಗಬೇಕು. ತಗ್ಗಿಸಿದರೆ ಊತ, ಊತದಿಂದ ನೋವು. ಎರಡು ವಾರಕ್ಕೆ ಹೊಲಿಗೆ ತೆಗೆದರು. ಆರು ವಾರ ಒಂದು ವಿಚಿತ್ರ ಬೂಟು ಕೊಟ್ಟಿದ್ದರು. ಅದರ ತಳ ಗಟ್ಟಿ, ಮುಂಭಾಗ ನೆಲಕ್ಕೆ ಒತ್ತದು. ಹಿಮ್ಮಡಿಯ ಮೇಲೆ ಭಾರ ಹಾಕಿ ವಾಕರ್ ಹಿಡಿದು ಶೌಚಕ್ಕೆ, ಊಟಕ್ಕೆ ನಡೆಯಬಹುದು. ಲ್ಯಾಪಿಡಸ್ ಮಾಡಿಸಿಕೊಂಡವರಿಗೆ ಈ ಸ್ವಾತಂತ್ರ್ಯ ಬರುವುದು ಸಾಮಾನ್ಯವಾಗಿ ಇನ್ನೂ ತಡ.

ನಮ್ಮ ಮನೆಗಳು ಈ ಬೂಟಿಗೆ ತಯಾರಿಲ್ಲ. ಹೊರಗಿನ ಪಾದರಕ್ಷೆ ಹೊಸ್ತಿಲು ದಾಟುವುದಿಲ್ಲ, ಅಡುಗೆ ಮನೆಗಂತೂ ಇಲ್ಲವೇ ಇಲ್ಲ. ಬೂಟನ್ನು ಮನೆಯೊಳಗೂ ಹಾಕಲೇಬೇಕು ಎಂದಾಗ ಚಿಗವ್ವ ಎರಡು ದಿನ ತೆಗೆದಿಟ್ಟು ಬರಿಗಾಲಲ್ಲೇ ಗೋಡೆ ಹಿಡಿದು ನಡೆದಿದ್ದಳು. ಅದು ಅಂಗಳ ಕಂಡೇ ಇಲ್ಲ, ಪಟ್ಟಿಯಂತೆ ಅದೂ ಔಷಧವೇ ಎಂದು ಹೇಳಿದ ಮೇಲೆ ಒಪ್ಪಿದಳು. ದೇವರ ಮನೆಗೆ ಮಾತ್ರ ಕೈಮುಗಿದದ್ದು ಹೊರಗಿನಿಂದಲೇ. ಕುಕ್ಕರಗಾಲಿನಲ್ಲಿ ಕೂತರೆ ಹೆಬ್ಬೆರಳ ಬುಡ ಪೂರ್ತಿ ಮಡಚುತ್ತದೆ, ಆದ್ದರಿಂದ ಕಮೋಡ್ ಕುರ್ಚಿಯನ್ನು ಮೊದಲೇ ತಂದಿಟ್ಟುಕೊಳ್ಳಬೇಕು. ನಾವು ಮೂರನೆಯ ದಿನ ಓಡಾಡಿ ತಂದೆವು, ನೀವು ಹಾಗೆ ಮಾಡಬೇಡಿ. ರೊಟ್ಟಿ ಬಡಿಯುವುದು ನಾಲ್ಕು ವಾರ ಮಗಳ ಪಾಲಿಗೆ ಬಂತು. ಆಮೇಲೆ ಎತ್ತರದ ಸ್ಟೂಲಿನ ಮೇಲೆ ಕುಳಿತು ಬಡಿಯುತ್ತೇನೆ ಎಂದು ಚಿಗವ್ವ ಹಟ ಮಾಡಿದಳು. ರೊಟ್ಟಿ ಚೆನ್ನಾಗಿಯೇ ಬಂತು.

ಎಲುಬು ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕು. ಸ್ಕ್ರೂಗಳು ಟೈಟೇನಿಯಂನವು, ತೊಂದರೆ ಕೊಡದಿದ್ದರೆ ಒಳಗೇ ಉಳಿಯುತ್ತವೆ. ಎರಡು ಮೂರು ತಿಂಗಳಿಗೆ ಸಾಮಾನ್ಯ ಅಗಲ ಪಾದರಕ್ಷೆ ಹಾಕಬಹುದು. ಊತ ಮಾತ್ರ ಆರು ತಿಂಗಳು, ಕೆಲವರಿಗೆ ವರ್ಷವೇ ಹಿಡಿಯುತ್ತದೆ. ಮೂರನೆಯ ತಿಂಗಳಲ್ಲಿ ಸಂಜೆ ಕಾಲು ಊದಿದಾಗ ಶಸ್ತ್ರಚಿಕಿತ್ಸೆ ಕೆಟ್ಟಿತು ಎಂದು ಮನೆಯಲ್ಲಿ ಗಲಾಟೆಯಾಯಿತು, ಕೆಟ್ಟಿರಲಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ಕೀಲು ಬಿರುಸಾಗದಂತೆ ಹೆಬ್ಬೆರಳನ್ನು ಕೈಯಿಂದ ಮೇಲೆ ಕೆಳಗೆ ಆಡಿಸುವ ವ್ಯಾಯಾಮ ಹೇಳಿಕೊಡುತ್ತಾರೆ. ನೋಯುತ್ತದೆ ಎಂದು ಬಿಡುವವರೇ ಹೆಚ್ಚು, ಬಿಟ್ಟರೆ ಬಿರುಸು ಉಳಿಯುತ್ತದೆ.

ತೊಂದರೆಗಳೂ ಇವೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಗಾಯಕ್ಕೆ ಸೋಂಕು ತಗಲಬಹುದು. ಹೆಬ್ಬೆರಳ ಒಳಬದಿಯ ಸಣ್ಣ ನರಕ್ಕೆ ಪೆಟ್ಟಾದರೆ ಅಲ್ಲಿ ಜೋಮು ಉಳಿಯಬಹುದು. ಚಿಗವ್ವನಿಗೆ ಕಾಸಿನಗಲ ಜಾಗದಲ್ಲಿ ಇನ್ನೂ ಇದೆ. ಎಲುಬು ಕೂಡದೆ ಹೋಗಬಹುದು, ಮೆಟಟಾರ್ಸಲ್‌ನ ತಲೆಗೆ ರಕ್ತ ಕಡಿಮೆಯಾಗಬಹುದು. ಹೆಚ್ಚು ಸರಿಸಿದರೆ ಬೆರಳು ಎದುರು ಬದಿಗೆ ವಾಲುವುದೂ ಉಂಟು. ವರ್ಷಗಳು ಕಳೆದ ಮೇಲೆ ಕೆಲವರಿಗೆ ಗಂಟು ಮರಳುತ್ತದೆ, ಅದರಲ್ಲೂ ಹಳೆಯ ಇಕ್ಕಟ್ಟು ಪಾದರಕ್ಷೆಗೆ ಮರಳಿದವರಿಗೆ. ಮನೆಗೆ ಬಂದ ಮೇಲೆ ಜ್ವರ, ಗಾಯದಿಂದ ಕೀವು, ಮೀನಖಂಡದಲ್ಲಿ ಹೊಸದಾಗಿ ನೋವು ಮತ್ತು ಊತ, ಏದುಸಿರು, ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕೊನೆಯ ಎರಡು ರಕ್ತ ಹೆಪ್ಪುಗಟ್ಟಿರುವ ಸೂಚನೆಯಾಗಿರಬಹುದು. ಇಷ್ಟೆಲ್ಲ ಇರುವುದರಿಂದಲೇ ಕಾಲು ಚೆಂದ ಕಾಣಲಿ ಎಂದು ಮಾತ್ರ ಇದನ್ನು ಮಾಡಿಸಿಕೊಳ್ಳಬಾರದು ಎನ್ನುತ್ತಾರೆ.

ಒಂಬತ್ತು ತಿಂಗಳಾದ ಮೇಲೆ ತೋರಿಸಲು ಹೋದೆವು. ಆ ಹಿಂದಿನ ದಿನ ಧಾರವಾಡದಲ್ಲಿ ನೆಂಟರ ಮನೆಗೆ ಚಿಗರಿ ಬಸ್ಸಿನಲ್ಲಿ ಹೋಗಿ, ದಾರಿಯುದ್ದಕ್ಕೂ ನಿಂತೇ ಬಂದಿದ್ದಳು. ಹೊಸ ಎಕ್ಸ್‌ರೇಯಲ್ಲಿ 34 ಇದ್ದದ್ದು 11 ಆಗಿತ್ತು, 15 ಇದ್ದದ್ದು 6. ಮೆಟಟಾರ್ಸಲ್‌ನ ತಲೆ ಆ ಎರಡು ಕಾಳುಗಳ ಮೇಲೆ ಮರಳಿ ಕುಳಿತಿತ್ತು. ಬಲಗಾಲಿಗೂ ಸಣ್ಣ ಗಂಟಿದೆ, ಕೋನ 19. ಹೇಗೂ ಅಭ್ಯಾಸವಾಗಿದೆ, ಅದನ್ನೂ ಮಾಡಿಬಿಡಿ ಎಂದಳು ಚಿಗವ್ವ.

“ನೋಯುತ್ತದೆಯೇ?” ಎಂದು ವೈದ್ಯರು ಕೇಳಿದರು.

“ಇಲ್ಲ.”

“ಹಾಗಾದರೆ ಅದರ ಗೊಡವೆ ನಮಗೇಕೆ? ಹೊಸ ಕಾಲುಂಗುರ ಸ್ವಲ್ಪ ಸಡಿಲವಾಗಿ ಮಾಡಿಸಿಕೊಳ್ಳಿ.”

ಕಾಕಾ ಈ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೆಟಟಾರ್ಸಲ್‌ನ ಎರಡು ಸ್ಕ್ರೂಗಳ ನಡುವಿನ ಅಂತರವನ್ನು ಬೆರಳಿನಿಂದ ಅಳೆಯುತ್ತಿದ್ದರು.